ಹೊಂಡದ ಮೀನಿನ ತವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ನಡುವೆ ಯಾರಾದರೂ ಬಾಯಿ ಹಾಕಿದರೆ ಸಿಟ್ಟು ಬೇರೆ ಬರುತ್ತದೆ. ನನ್ನ ಹೆಸರು ಬಾಳವ್ವ, ನಮ್ಮೂರ ಮೀನುಗಳ ಸೂಲಗಿತ್ತಿ. ನನ್ನ ಅತ್ತೆಯ ಕೈಯಲ್ಲಿದ್ದ ನವಿಲುಗರಿ ನನ್ನ ಕೈಗೆ ಬಂದು ಮೂವತ್ತೊಂದು ವರ್ಷವಾಯಿತು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ತಪ್ಪು ಮಾಡಿದ್ದೇನೆ. ಆ ತಪ್ಪು ಹೊಸ್ತಿಲು ದಾಟಿ ಮನೆಯೊಳಗೇ ಬಂದು ಕೂತ ಕಥೆ ಇದು.

ಮುಂಗಾರಿನ ಮೊದಲ ಮಳೆ ಬಿದ್ದು ಹೊಳೆಯ ನೀರು ಕೆಂಪಾಯಿತೆಂದರೆ ನಮ್ಮೂರ ಗೆಂಡೆ ಮೀನುಗಳು ಹೆರಿಗೆಗೆ ತವರಿಗೆ ಬರುತ್ತವೆ. ದಂಡೆಯ ನಲವತ್ತು ಮೆಟ್ಟಿಲು ಹತ್ತಿ, ಅಗಸೆ ಬಾಗಿಲು ದಾಟಿ, ಓಣಿ ಹಿಡಿದು, ತಾವು ಹುಟ್ಟಿದ ಮನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತವೆ. ಹೆಣ್ಣು ಮುಂದೆ, ಗಂಡುಗಳು ನಾಲ್ಕು ಮೆಟ್ಟಿಲು ಹಿಂದೆ, ಹೊಸ ಅಳಿಯಂದಿರ ಹಾಗೆ ಅತ್ತಿತ್ತ ನೋಡಿಕೊಂಡು. ಆ ಒಂದು ವಾರ ಊರೊಳಗೆ ಗಾಡಿ ಓಡುವುದಿಲ್ಲ, ಬಸ್ಸು ಊರಾಚೆಯ ಬನ್ನಿಗಿಡದ ಹತ್ತಿರವೇ ನಿಲ್ಲುತ್ತದೆ. ಓಣಿಯುದ್ದಕ್ಕೂ ಗೋಣಿತಟ್ಟು ಹಾಸಿ ನೀರು ಹೊಡೆಯುತ್ತೇವೆ, ಮಳೆ ನಿಂತರೂ ನೆಲ ಒಣಗಬಾರದು. ನಾಯಿಗಳನ್ನು ಕಟ್ಟಿ ಹಾಕುತ್ತೇವೆ, ಬೆಕ್ಕುಗಳನ್ನು ಬುಟ್ಟಿಯಲ್ಲಿಟ್ಟು ಪಕ್ಕದೂರಿನ ನೆಂಟರಿಗೆ ಕಳಿಸುತ್ತೇವೆ. ನೆಂಟರು ಗೊಣಗುತ್ತಲೇ ಇಟ್ಟುಕೊಳ್ಳುತ್ತಾರೆ. ಪ್ರತಿ ಮನೆಯ ಪಡಸಾಲೆಯಲ್ಲಿ ಒಂದು ಕಲ್ಲಿನ ಬಾನಿ ಇರುತ್ತದೆ. ಮನೆಯವರು ಹೊಸ್ತಿಲಲ್ಲೇ ಮೀನಿಗೆ ಒಂದು ತಂಬಿಗೆ ನೀರು ಹಾಕಿ ಎತ್ತಿ ಆ ಬಾನಿಗೆ ಬಿಡುತ್ತಾರೆ. ಆಮೇಲೆ ನನ್ನನ್ನು ಕರೆಯುತ್ತಾರೆ.

ನನ್ನ ಕೆಲಸವೆಂದರೆ ಮೊಟ್ಟೆ ನೋಡುವುದು. ಒಳ್ಳೆಯ ಮೊಟ್ಟೆ ಬೆಂದ ಸಾಬಕ್ಕಿಯ ಹಾಗೆ ತಿಳಿಯಾಗಿರುತ್ತದೆ, ಗರಿಯಿಂದ ಮುಟ್ಟಿದರೆ ತಗ್ಗಿ ಮತ್ತೆ ಉಬ್ಬುತ್ತದೆ. ಕೆಟ್ಟದ್ದು ಕೆಲವೇ ಗಂಟೆಯಲ್ಲಿ ಬೆಳ್ಳಗಾಗುತ್ತದೆ. ಬಿಳಿಯದನ್ನು ಆಗಲೇ ಎತ್ತದಿದ್ದರೆ ಅದರ ಬೂಜು ಪಕ್ಕದ್ದಕ್ಕೂ ಹತ್ತಿ ಇಡೀ ಬಾನಿ ಹಾಳಾಗುತ್ತದೆ. ಎತ್ತಿದ್ದನ್ನು ಹೊಳೆಗೆ ಚೆಲ್ಲುವ ಹಾಗಿಲ್ಲ. ಒಂದು ಗಡಿಗೆಗೆ ಹಾಕಿ ಊರಾಚೆಯ ಬೂದಿಗುಂಡಿಗೆ ಒಯ್ದು ಬೂದಿ ಮುಚ್ಚಿ ಬರಬೇಕು. ಹದಿನೈದನೆಯ ದಿನಕ್ಕೆ ತಾಯಿಯನ್ನೂ ಮರಿಗಳನ್ನೂ ಕೊಡದಲ್ಲಿ ಒಯ್ದು ಹೊಳೆಗೆ ಬಿಟ್ಟು ಬರುತ್ತೇವೆ, ಹೆಂಗಸರೆಲ್ಲ ಮೆಟ್ಟಿಲ ಮೇಲೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತೇವೆ. ನಾನು ಅಳುವುದಿಲ್ಲ, ನನ್ನ ಕಣ್ಣಿಗೆ ಗಾಳಿ ಆಗುವುದಿಲ್ಲ ಅಷ್ಟೇ.

ನನ್ನ ಮನೆಗೆ ಬರುತ್ತಿದ್ದವಳು ಸಣ್ಣಮ್ಮಿ. ಬಾಲದ ಮೇಲುತುದಿ ಹರಿದಿತ್ತು. ಅವಳ ಮೊಟ್ಟೆಗೆ ಬೇರೆ ಯಾವ ಮೀನಿನ ಮೊಟ್ಟೆಗೂ ಇಲ್ಲದ ತೆಳು ಬೆಲ್ಲದ ಬಣ್ಣ. ಎಂಟು ವರ್ಷ ತಪ್ಪದೆ ಬಂದಳು. ಅವಳ ಕೊನೆಯ ವರ್ಷ ಒಂದೇ ದಿನ ಆರು ಮನೆಯಲ್ಲಿ ಹೆರಿಗೆ. ಎಲ್ಲರದ್ದೂ ಮುಗಿಸಿ ನನ್ನ ಮನೆಗೆ ಬರುವಷ್ಟರಲ್ಲಿ ಸಣ್ಣಮ್ಮಿಯ ಬಾನಿಯಲ್ಲಿ ಬೂಜು ಹತ್ತಿತ್ತು. ಒಂದೊಂದಾಗಿ ಆರಿಸುವ ತಾಳ್ಮೆ ಇರಲಿಲ್ಲ, ಬೋಗುಣಿಯಿಂದ ಮೊಗೆದು ಗಡಿಗೆಗೆ ಸುರಿದು ಬೂದಿಗುಂಡಿಗೆ ಕಳಿಸಿದೆ. ಬಾನಿಯಲ್ಲಿ ಉಳಿದಿದ್ದ ಒಂದು ಹಿಡಿಯೂ ಬೂಜು ಹತ್ತಿ ಹಾಳಾಯಿತು. ಸಣ್ಣಮ್ಮಿಯನ್ನು ಮರಿಯಿಲ್ಲದೆ ಒಬ್ಬಳನ್ನೇ ಕೊಡದಲ್ಲಿ ಒಯ್ದು ಹೊಳೆಗೆ ಬಿಟ್ಟೆ. ಮರುವರ್ಷ ಅವಳು ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಊರಿಗೆ ಬರುವ ಮೀನೇ ಕಡಿಮೆಯಾಗುತ್ತಿತ್ತು, ಅದು ಬೇರೆ ಮಾತು. ಅರವತ್ತು ಬಾನಿಯ ಊರಲ್ಲಿ ಹನ್ನೆರಡು ತುಂಬಿದರೆ ಹೆಚ್ಚು ಎನ್ನುವ ಹಾಗಾಗಿತ್ತು. ಆದರೆ ನಮ್ಮೂರಿಗೊಂದು ಕಟ್ಟಳೆ ಇದೆ. ಸಾಲಾಗಿ ಮೂರು ವರ್ಷ ಖಾಲಿ ಉಳಿದ ಬಾನಿಯನ್ನು, ಮೊದಲ ಮಳೆಯಾದ ಮೂರನೆಯ ದಿನ ಸಂಜೆ ಬೋರಲು ಹಾಕುತ್ತಾರೆ. ಬೋರಲು ಬಿದ್ದ ಬಾನಿಯ ಮನೆಯವರು ಬೇರೆ ಮನೆಯ ಮೊಟ್ಟೆಯನ್ನು ಮುಟ್ಟುವ ಹಾಗಿಲ್ಲ. ಉಳಿದವರಿಗೆ ಅದು ಬರೀ ಬೇಸರದ ವಿಷಯ. ನನಗೆ ಕೈಯನ್ನೇ ಕಟ್ಟಿ ಹಾಕಿದ ಹಾಗೆ.

ದ್ಯಾವಪ್ಪನ ಹೊಂಡದ ವಿಷಯಕ್ಕೆ ಬರುತ್ತೇನೆ. ದ್ಯಾವಪ್ಪ ಇಟ್ಟಂಗಿ ಸುಡುವವನು, ಮಾತು ಕಡಿಮೆ. ಭಟ್ಟಿಯ ಹಿಂದೆ ಮಣ್ಣು ತೆಗೆದ ಹೊಂಡದಲ್ಲಿ ನೀರು ನಿಲ್ಲಿಸಿ ಅವನೂ ಅವನ ಹೆಂಡತಿ ಮಲಕವ್ವನೂ ಗೆಂಡೆ ಮೀನು ಸಾಕಿದ್ದರು. ಎಲ್ಲಿಂದ ತಂದೆ ಎಂದರೆ, ದೂರದ ಊರಿನ ಮೀನುಮರಿ ಮಾರುವವನಿಂದ ಅನ್ನುತ್ತಿದ್ದ. ಊರೆಲ್ಲ ಮೂಗು ಮುರಿಯಿತು. ಹೊಳೆ ಕಾಣದ ಮೀನು, ಮೆಟ್ಟಿಲು ಕಾಣದ ಮೀನು, ಅದೂ ಒಂದು ಮೀನೇ? ಎಲ್ಲರಿಗಿಂತ ಹೆಚ್ಚು ಮುರಿದದ್ದು ನನ್ನ ಮೂಗು, ಸುಳ್ಳು ಯಾಕೆ ಹೇಳಲಿ. ಹೋದ ವರ್ಷ ಮಳೆಗೆ ಮೊದಲು ದ್ಯಾವಪ್ಪ ಚಾವಡಿಗೆ ಬಂದು ಒಂದು ಮಾತು ಕೇಳಿದ. ಮೆಟ್ಟಿಲು ಕಾಯುವ ಹಿರಿಯರು ಗುರುಪಾದಯ್ಯನವರು, ಅವರ ಮುಂದೆ ಕೈಕಟ್ಟಿ ನಿಂತು, "ಅಜ್ಜಾರ, ಹೊಳಿ ಮೀನು ಕಡಿಮಿ ಆಗ್ಯಾವ. ನನ್ನ ಮೀನು ಹೊಳಿಗೆ ಬಿಡ್ತೀನಿ, ಅವಕ್ಕೂ ಮೆಟ್ಟಿಲ ಹತ್ತಾಕ ಅಪ್ಪಣಿ ಕೊಡ್ರಿ," ಅಂದ.

ಚಾವಡಿಯಲ್ಲಿ ಗದ್ದಲವೋ ಗದ್ದಲ. ಕಡೆಗೆ ಗುರುಪಾದಯ್ಯನವರು ಒಂದು ತೀರ್ಮಾನ ಹೇಳಿದರು. ಹೊಳೆ ಮೀನಿನ ನೂರು ಮೊಟ್ಟೆ, ಹೊಂಡದ ಮೀನಿನ ನೂರು ಮೊಟ್ಟೆ, ಎರಡು ಅಗಲ ಹಿತ್ತಾಳೆ ಪರಾತದಲ್ಲಿ ಒಂದೇ ನೀರಲ್ಲಿ ಇಡುವುದು. ಹೊಂಡದ್ದರಲ್ಲಿ ಐವತ್ತು ಮರಿ ಎದ್ದರೆ ಅಪ್ಪಣೆ. ಏಳದಿದ್ದರೆ ಹೊಂಡ ಬರಿದು ಮಾಡಿ ಮೀನನ್ನೆಲ್ಲ ಸಂತೆಗೆ ಹಾಕಬೇಕು, ಕೆಟ್ಟ ಬೀಜ ಹೊಳೆಗೆ ಸೇರಬಾರದು. ನೋಡಿ ಹೇಳುವವಳು ಬಾಳವ್ವ.

ಮಳೆ ಬಿತ್ತು. ಮೇಲೋಣಿಯ ಮನೆಗೆ ಬಂದ ಹೊಳೆ ಮೀನಿನ ಮೊಟ್ಟೆ ತಂದೆವು. ದ್ಯಾವಪ್ಪ ಹೊಂಡದಿಂದ ಒಂದು ಹೆಣ್ಣು, ಎರಡು ಗಂಡನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಚಾವಡಿಯ ಬಾನಿಗೆ ಬಿಟ್ಟ. ಅಬ್ಬಾ, ಏನು ಮೈ ಅದು! ಹೊಟ್ಟೆ ನೆಲಕ್ಕೆ ತಾಗುವ ಹಾಗಿತ್ತು. ಹೊಳೆ ಮೀನಿಗಿಂತ ಎರಡರಷ್ಟು ಮೊಟ್ಟೆ ಹಾಕಿತು. ಜನ ಬೆರಗಾಗಿ ನೋಡಿದರು, ಮಲಕವ್ವನ ಮುಖ ಅರಳಿತು. ನಾನು ಗರಿ ತೆಗೆದುಕೊಂಡು ಮುಟ್ಟಿ ನೋಡಿದೆ. ಮೊಟ್ಟೆ ದೊಡ್ಡದಿತ್ತು, ಆದರೆ ಸಡಿಲ, ಮುಟ್ಟಿದರೆ ತಗ್ಗಿದ್ದು ತಗ್ಗಿದ ಹಾಗೇ ಉಳಿಯಿತು. ಗಂಡು ಮೊಟ್ಟೆಯ ಮೇಲೆ ಬಿಡುವ ಹಾಲು ಅಕ್ಕಿ ತೊಳೆದ ನೀರಿನಷ್ಟು ತೆಳ್ಳಗೆ. ಹೊಳೆಯ ಗಂಡಿನದು ನೋಡಿದರೆ ಕರು ಹಾಕಿದ ಎಮ್ಮೆಯ ಮೊದಲ ಹಾಲಿನಷ್ಟು ಗಟ್ಟಿ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹೊಂಡದ ಮೊಟ್ಟೆಗೆ ತೆಳು ಬೆಲ್ಲದ ಬಣ್ಣವಿತ್ತು. ಸಣ್ಣಮ್ಮಿ ನೆನಪಾದಳು. ದೂರದೂರಿನ ಮೀನಿಗೂ ಈ ಬಣ್ಣ ಇರಬಹುದು ಅಂದುಕೊಂಡು ಸುಮ್ಮನಾದೆ.

ಮರುದಿನ ಮಧ್ಯಾಹ್ನ ಎಲ್ಲರ ಮುಂದೆ ಲೆಕ್ಕ ಹಾಕಿದೆ. ಹೊಳೆಯದು ಎಂಬತ್ತನಾಲ್ಕು ಮರಿ. ಹೊಂಡದ್ದು ಇಪ್ಪತ್ತೊಂಬತ್ತು, ಅದರಲ್ಲೂ ನಾಲ್ಕಕ್ಕೆ ಬಾಲ ಸೊಟ್ಟ.

ಮಲಕವ್ವ ಚಾವಡಿಯ ಕಟ್ಟೆಯ ಮೇಲೆ ಕುಸಿದು ಕೂತಳು. "ಏನ್ ಕಡಿಮಿ ಮಾಡಿದ್ವಿ ಅಕ್ಕಾ ನಾವು? ಶೇಂಗಾ ಹಿಂಡಿ ಹಾಕೀವಿ, ಬೆಲ್ಲ ಹಾಕೀವಿ. ಬಸುರಿ ಅಂತ ದಿನಾ ಕೊಬ್ಬರಿ ತುರದು ಹಾಕೀನಿ. ಹಬ್ಬಕ್ಕ ಹೋಳಿಗಿ ಮಾಡಿದ್ರ ಮೊದಲ ಅವಕ್ಕ, ಆಮ್ಯಾಲ ಇವರಿಗೆ," ಅಂತ ಅತ್ತಳು.

"ಹೋಳಿಗಿ?" ಅಂದೆ ನಾನು.

"ತುಪ್ಪ ಹಚ್ಚಿ," ಅಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮೂರಿನವರ ಹೊರತು ಬೇರೆ ಯಾರೂ ಈ ತಪ್ಪು ಮಾಡಲಾರರು. ಬೇರೆ ಊರಲ್ಲಿ ಮೀನಿಗೆ ಮೀನಿನ ಮೇವು ಹಾಕುತ್ತಾರೆ, ನಾವು ಮಗಳಿಗೆ ಬಡಿಸುವ ಹಾಗೆ ಬಡಿಸುತ್ತೇವೆ. ಗುರುಪಾದಯ್ಯನವರು, "ಬಾಳವ್ವ, ಬೀಜ ಕೆಟ್ಟದ್ದು ಅಂತ ಹೇಳಿಬಿಡು, ಮುಗೀತು," ಅಂದರು. ಹೇಳಿಬಿಡಬಹುದಿತ್ತು. ಮೂಗು ಮುರಿದದ್ದಕ್ಕೂ ಸರಿಹೋಗುತ್ತಿತ್ತು. ಆದರೆ ಎದ್ದ ಇಪ್ಪತ್ತೊಂಬತ್ತರಲ್ಲಿ ಸೊಟ್ಟ ಬಾಲದ ನಾಲ್ಕು ಬಿಟ್ಟರೆ ಉಳಿದವು ಪರಾತದಲ್ಲಿ ಹೇಗೆ ಮಿಡುಕುತ್ತಿದ್ದವು ಎಂದು ನಾನು ನೋಡಿದ್ದೆ. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

"ಬೀಜ ಕೆಟ್ಟಿಲ್ಲ ಅಜ್ಜಾರ," ಅಂದೆ. "ಸಾಕಿದ್ದು ಕೆಟ್ಟೈತಿ. ಬಸುರಿ ಹೆಂಗಸನ್ನ ಒಂಬತ್ತು ತಿಂಗಳು ಮಂಚದ ಮ್ಯಾಲ ಕುಂದ್ರಿಸಿ ಹೋಳಿಗಿ ತುರುಕಿದ್ರ ಹೆರಿಗಿ ಹೆಂಗ ಆದೀತು? ಹೊಳಿ ಮೀನು ಸೆಳವಿನಾಗ ಈಜತಾವ, ಪಾಚಿ ಹುಳ ಹುಡುಕಿ ತಿಂತಾವ, ನಲವತ್ತು ಮೆಟ್ಟಿಲ ಹತ್ತತಾವ. ಇವು ಏನ್ ಮಾಡ್ಯಾವ? ನಿಂತ ನೀರಾಗ ಮಲಗ್ಯಾವ. ನನಗ ಒಂದು ವರ್ಷ ಕೊಡ್ರಿ."

ಗುರುಪಾದಯ್ಯನವರು ಮೆಲ್ಲಗೆ ಅಂದರು, "ಕೊಡಬಹುದು. ಆದ್ರ ನಿನ್ನ ಬಾನಿ ಖಾಲಿ ಇದ್ದು ಇದು ಎರಡನೇ ವರ್ಷ. ಬರೂ ವರ್ಷ ಮಾತಾಡಾಕ ನೀ ಇರತೀಯೇನು?"

ಎಲ್ಲರೂ ನನ್ನ ಮುಖ ನೋಡಿದರು. "ಬರೂ ವರ್ಷದ್ದು ಬರೂ ವರ್ಷ," ಅಂದು ಎದ್ದು ಬಂದೆ. ಮನೆಗೆ ಬಂದು ಖಾಲಿ ಬಾನಿಯ ಅಂಚಿನ ಮೇಲೆ ತುಂಬ ಹೊತ್ತು ಕೂತಿದ್ದೆ.

ಆಮೇಲೆ ದಿನಾ ಹೊಂಡಕ್ಕೆ ಹೋಗುವುದೇ ನನ್ನ ಕೆಲಸವಾಯಿತು. ಮೊದಲು ಹಿಂಡಿ ನಿಲ್ಲಿಸಿದೆ. ಆಮೇಲೆ ಬೆಲ್ಲ, ಆಮೇಲೆ ಕೊಬ್ಬರಿ. ಮಲಕವ್ವ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಳು. ಹೊಂಡದಲ್ಲಿ ಮೀನು ಕಿಕ್ಕಿರಿದಿದ್ದವು, ಅರ್ಧ ತೆಗೆದು ಪಕ್ಕದ ಇನ್ನೊಂದು ಹೊಂಡಕ್ಕೆ ಹಾಕಿಸಿದೆ. ದ್ಯಾವಪ್ಪ ಕಾಲುವೆಯಿಂದ ಒಂದು ತೋಡು ತೆಗೆದು ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವ ಹಾಗೆ ಮಾಡಿದ. ಸುಟ್ಟು ಒಡೆದ ಇಟ್ಟಂಗಿಗಳನ್ನು ಮೆಟ್ಟಿಲ ಹಾಗೆ ಜೋಡಿಸಿದ. ಮೇವಿನ ಹುಳ ಮೇಲಿನ ಮೆಟ್ಟಿಲಲ್ಲೇ ಇರುವ ಹಾಗೆ ನೋಡಿಕೊಂಡೆವು, ಬೇಕಾದವರು ಹತ್ತಿ ತಿನ್ನಲಿ. ಮೊದಲ ವಾರ ಒಂದೂ ಹತ್ತಲಿಲ್ಲ. ಕೆಳಗೆ ನಿಂತು ಬಾಯಿ ತೆರೆದು ಮಲಕವ್ವನನ್ನು ನೋಡುತ್ತಿದ್ದವು, ಮಲಕವ್ವ ನನ್ನನ್ನು ನೋಡುತ್ತಿದ್ದಳು, ನಾನು ಆಕಾಶ ನೋಡುತ್ತಿದ್ದೆ. ಎಂಟನೆಯ ದಿನ ಒಂದು ಹತ್ತಿತು. ದೀಪಾವಳಿಯ ಹೊತ್ತಿಗೆ ಎಲ್ಲವೂ ಸೆಳವಿಗೆ ಎದುರಾಗಿ ಈಜುತ್ತಿದ್ದವು. ಬೊಜ್ಜು ಕರಗಿ ಬೆನ್ನು ಗಟ್ಟಿಯಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಮೂವತ್ತೇಳು ಮೀನನ್ನು ಹೊಳೆಗೆ ಬಿಟ್ಟೆವು. ಗುರುಪಾದಯ್ಯನವರು ಅಷ್ಟಕ್ಕೆ ಒಪ್ಪಿದರು, ಮೆಟ್ಟಿಲ ಮಾತು ಮಳೆಗಾಲಕ್ಕೆ ನೋಡೋಣ ಅಂದರು. ಮಲಕವ್ವ ಒಂದೊಂದನ್ನೂ ಕೈಯಲ್ಲಿ ಹಿಡಿದು ಬಿಟ್ಟಳು, ಬಿಟ್ಟು ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತಳು. "ಅವಕ್ಕ ತವರಮನಿ ಯಾವುದು ಅಕ್ಕಾ? ಮೆಟ್ಟಿಲ ಹತ್ತಿ ಬಂದ್ರ ಯಾರ ಬಾಗಿಲಿಗೆ ಹೋಗತಾವ?" ಅಂದಳು. ಊರವರೂ ಅದನ್ನೇ ಹೇಳಿ ನಗುತ್ತಿದ್ದರು, ಹೊಂಡದಲ್ಲಿ ಹುಟ್ಟಿದ್ದು ಓಣಿಯಲ್ಲಿ ದಾರಿ ತಪ್ಪಿ ಬಸ್ಸು ಹತ್ತುತ್ತದೆ ಅಂತ. ದ್ಯಾವಪ್ಪ ಏನೋ ಹೇಳಲು ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿಕೊಂಡ.

ಈ ವರ್ಷ ಮಳೆ ತಡವಾಗಿ ಬಂತು. ಮೊದಲ ದಿನ ಎಂಟು ಮನೆಗೆ ಮೀನು ಬಂದವು, ಎರಡನೆಯ ದಿನ ಮೂರು. ನಾನು ಓಡಾಡಿ ಅವರ ಮೊಟ್ಟೆ ನೋಡಿದೆ, ಪ್ರತಿ ಸಲ ಗರಿ ಎತ್ತಿದಾಗಲೂ ಇದೇ ಕೊನೆಯದೇನೋ ಅನ್ನಿಸುತ್ತಿತ್ತು. ಮೂರನೆಯ ದಿನ ಎಲ್ಲಿಗೂ ಹೋಗಲಿಲ್ಲ. ಬಾನಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದೆ, ಹೊಸ ನೀರು ತುಂಬಿದೆ, ಹೊಸ್ತಿಲಲ್ಲಿ ಕೂತೆ. ಸಂಜೆ ನಾಲ್ಕರ ಹೊತ್ತಿಗೆ ಗುರುಪಾದಯ್ಯನವರು ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಬಂದರು. ಅವರ ಮುಖವೂ ಸಪ್ಪಗಿತ್ತು. "ಹೊತ್ತು ಮುಳುಗೂತನ ಕುಂತಿರ್ತೀವಿ, ಅವಸರಿಲ್ಲ," ಅಂದು ಕಟ್ಟೆಯ ಮೇಲೆ ಕೂತರು. ಚಹಾ ಮಾಡಿಕೊಟ್ಟೆ. ಬಾನಿ ಬೋರಲು ಹಾಕಲು ಬಂದವರಿಗೆ ಚಹಾ ಕೊಟ್ಟವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ಅಗಸೆಯ ಕಡೆಯಿಂದ ಗದ್ದಲ ಕೇಳಿಸಿತು. ಮೊದಲು ನಗು, ಆಮೇಲೆ ಕೂಗು, ಆಮೇಲೆ ಕೊಡಗಳ ಸದ್ದು. ಎದ್ದು ನೋಡಿದೆ. ಓಣಿಯ ಒದ್ದೆ ಗೋಣಿತಟ್ಟಿನ ಮೇಲೆ ಮೀನು ಬರುತ್ತಿದ್ದವು. ಒಂದಲ್ಲ, ಎರಡಲ್ಲ, ಐದು ಹೆಣ್ಣು, ಹಿಂದೆ ಒಂದು ಗುಂಪು ಗಂಡು. ಮೆಟ್ಟಿಲು ಹತ್ತಿ ರೂಢಿಯಿದ್ದರೂ ಓಣಿ ಹೊಸದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದವು. ಹಿಂದೆಯೇ ಊರೆಲ್ಲ ಕೊಡ ಹಿಡಿದು ನೀರು ಹಾಕುತ್ತ ಬರುತ್ತಿತ್ತು, ಎಲ್ಲರ ಮುಂದೆ ಮಲಕವ್ವ. ಖಾಲಿ ಬಾನಿಯ ಮನೆಗಳು ಎಡಬಲಕ್ಕೆ ಎಷ್ಟೋ ಇದ್ದವು. ಮೀನು ಯಾವ ಬಾಗಿಲ ಕಡೆಗೂ ತಿರುಗಲಿಲ್ಲ. ನೇರ ಬಂದು ನನ್ನ ಹೊಸ್ತಿಲ ಮುಂದೆ ಐದೂ ಸಾಲಾಗಿ ನಿಂತವು.

ಮುಂದೆ ನಿಂತವಳ ಕಣ್ಣು ನೋಡಿದೆ. ಮೀನು ಹುಟ್ಟಿದ ಮನೆಗೇ ಬರುತ್ತದೆ, ಬೇರೆ ಮನೆಗೆ ಬಂದದ್ದನ್ನು ನಮ್ಮ ಅಜ್ಜನ ಅಜ್ಜನೂ ಕಂಡಿಲ್ಲ. ತೆಳು ಬೆಲ್ಲದ ಬಣ್ಣ ನೆನಪಾಯಿತು, ಬೋಗುಣಿ ನೆನಪಾಯಿತು, ಗಡಿಗೆ ನೆನಪಾಯಿತು. ಗುಂಪಿನಲ್ಲಿ ದ್ಯಾವಪ್ಪನನ್ನು ಹುಡುಕಿದೆ. ಎಲ್ಲರ ಹಿಂದೆ ನಿಂತು ಕಾಲಬೆರಳು ನೋಡಿಕೊಳ್ಳುತ್ತಿದ್ದ.

"ದ್ಯಾವಪ್ಪಾ, ಯಾವ ಊರಿಂದ ತಂದಿ ಈ ಮೀನಾ?" ಅಂದೆ.

ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ.

"ನಿನ್ನ ಕೇಳಾಕತ್ತೀನಿ."

"ಬೂದಿಗುಂಡಿಂದ, ಬಾಳಕ್ಕ," ಅಂದ. "ಇಟ್ಟಂಗಿ ಮಣ್ಣಿಗೆ ಬೂದಿ ಬೇಕಿತ್ತು, ತರಾಕ ಹೋಗಿದ್ನಿ. ನಿಮ್ಮ ಗಡಿಗಿ ಇತ್ತು. ಬೂದಿ ಮುಚ್ಚಿದಾಕಿ ಪೂರಾ ಮುಚ್ಚಿರಲಿಲ್ಲ. ಬಿಳಿ ಮೊಟ್ಟಿ ನಡುವ ಒಂದಿಷ್ಟು ತಿಳಿ ಮೊಟ್ಟಿ ಇದ್ದವು, ಒಳಗ ಎರಡೆರಡು ಕರೀ ಕಣ್ಣು ಹೊಳ್ಳಾಡತಿದ್ದವು. ಬಿಟ್ಟ ಬರಾಕ ಮನಸ್ಸಾಗಲಿಲ್ಲ."

"ಯಾಕ ಹೇಳಲಿಲ್ಲ ಮೂರು ವರ್ಷ?"

"ಸೂಲಗಿತ್ತಿ ಜೀವಂತ ಮೊಟ್ಟಿ ಚೆಲ್ಲ್ಯಾಳ ಅಂತ ಊರ ಅಂದ್ರ ನಿಮ್ಮ ಕೈಯಾಗ ಗರಿ ಉಳಿತಿತ್ತೇನು? ಅದಕ್ಕ ದೂರದ ಊರು ಅಂದ್ನಿ."

ಎಷ್ಟು ಸಲ ಇವನ ಮೀನಿಗೆ ಮೂಗು ಮುರಿದೆ, ಎಷ್ಟು ಜನರ ಮುಂದೆ ಆಡಿಕೊಂಡೆ! ಇವನು ಎಲ್ಲವನ್ನೂ ನುಂಗಿಕೊಂಡು ನನ್ನ ಮರ್ಯಾದೆ ಕಾದಿದ್ದ. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಸೊಂಟದಿಂದ ನವಿಲುಗರಿ ತೆಗೆದು ಗುರುಪಾದಯ್ಯನವರ ಮುಂದೆ ಹಿಡಿದೆ. "ಅಜ್ಜಾರ, ತಗೊಳ್ರಿ. ಸಣ್ಣಮ್ಮಿ ಮಕ್ಕಳನ್ನ ನಾನಽ ಬೂದಿಗೆ ಹಾಕೀನಿ. ಅವಸರ ಮಾಡಿದ್ನಿ. ಇದು ನನ್ನ ಕೈಯಾಗ ಇರಬಾರದು."

ಗುರುಪಾದಯ್ಯನವರು ಗರಿ ನೋಡಿದರು, ನನ್ನನ್ನು ನೋಡಿದರು, ಹೊಸ್ತಿಲಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದ ಐದು ಬಸುರಿಯರನ್ನು ನೋಡಿದರು. ಆಮೇಲೆ ಜೋರಾಗಿ ಬೈದರು, "ಅದನ್ನ ಆಮ್ಯಾಲ ಮಾತಾಡೋಣಂತ! ಮಕ್ಕಳು ಬಾಗಲಾಗ ಒಣಗಾಕತ್ತಾವ, ಮೊದಲ ನೀರ ಹಾಕ!" ಬಾನಿ ಬೋರಲು ಹಾಕಲು ಬಂದ ಆಳುಗಳೇ ಕೊಡ ಹಿಡಿದು ಓಡಿದರು. ಆ ಗರಿಯ ಮಾತನ್ನು ಅವರು ಇವತ್ತಿನವರೆಗೂ ಎತ್ತಿಲ್ಲ.

ನೀರು ಹಾಕಿದೆ. ಮುಂದಿನವಳನ್ನು ಎತ್ತಿ ಬಾನಿಗೆ ಬಿಟ್ಟೆ. ಉಳಿದ ನಾಲ್ಕು? ಒಂದು ಬಾನಿಗೆ ಐದು ಬಸುರಿಯರನ್ನು ಹೇಗೆ ತುಂಬಲಿ? ಎದುರು ಮನೆಯವಳು ಸೆರಗು ಬಿಗಿದುಕೊಂಡು, "ನಮ್ಮ ಬಾನಿ ಖಾಲಿ ಐತಲ್ಲ ಅಕ್ಕಾ, ಇನ್ನೂ ಬೋರಲ ಬಿದ್ದಿಲ್ಲ," ಅಂದಳು. ಪಕ್ಕದವಳೂ ಅಂದಳು. ಐದು ನಿಮಿಷದಲ್ಲಿ ನಾಲ್ಕಕ್ಕೂ ಮನೆಯಾಯಿತು, ಐದಾರು ಮನೆಯವರಿಗೆ ಸಿಗದೆ ಜಗಳವೂ ಆಯಿತು. ಅಲ್ಲಿ ಹುಟ್ಟಿದ ಮರಿ ಮುಂದೆ ಆ ಮನೆಗಳಿಗೇ ಬರುತ್ತವೆ. ಖಾಲಿ ಬಾನಿಗಳ ಊರಿಗೆ ಇದಕ್ಕಿಂತ ಏನು ಬೇಕು?

ಆ ವಾರ ನಾನು ಒಂದು ಮೊಟ್ಟೆಗೂ ಅವಸರ ಮಾಡಲಿಲ್ಲ. ಊರಿನವರ ಸಮಾಧಾನಕ್ಕೆ ಮತ್ತೆ ಪರಾತ ಇಟ್ಟೆವು. ನೂರಕ್ಕೆ ಎಪ್ಪತ್ತೊಂದು ಮರಿ ಎದ್ದವು, ಒಂದರ ಬಾಲವೂ ಸೊಟ್ಟ ಇರಲಿಲ್ಲ. ಹೊಳೆಯಲ್ಲೇ ಹುಟ್ಟಿ ಬೆಳೆದವುಗಳದು ಈಗಲೂ ಎಂಬತ್ತರ ಮೇಲೆ, ಅದನ್ನು ಮುಚ್ಚಿಡುವುದಿಲ್ಲ. ಹೊಳೆ ಹೊಳೆಯೇ. ಆದರೆ ಎಪ್ಪತ್ತೊಂದು ಕಡಿಮೆಯೇ? ಗುರುಪಾದಯ್ಯನವರು ಚಾವಡಿಯಲ್ಲಿ ನಿಂತು ಮೆಟ್ಟಿಲ ಅಪ್ಪಣೆ ಕೊಟ್ಟರು. ಮೀನುಗಳೇನೂ ಅಪ್ಪಣೆಗೆ ಕಾದಿರಲಿಲ್ಲ ಅನ್ನಿ. ಬಿಳಿ ಮೊಟ್ಟೆಯ ಗಡಿಗೆ ಈಗ ಬೂದಿಗುಂಡಿಗೆ ಹೋಗುವ ಮೊದಲು ದ್ಯಾವಪ್ಪನ ಮನೆಗೆ ಹೋಗುತ್ತದೆ. ಅವನು ಬಿಸಿಲಿಗೆ ಹಿಡಿದು ನೋಡಿ, ಕರೀ ಕಣ್ಣು ಕಂಡರೆ ಇಟ್ಟುಕೊಳ್ಳುತ್ತಾನೆ.

ಒಂದು ಮಾತು ಉಳಿಯಿತು. ಐದು ಮೀನು ಬಂದ ಆ ಸಂಜೆ ಎಲ್ಲರೂ ಒಳಗೆ ಬಂದು ಬಾನಿ ನೋಡಿ ಹೋದರೂ ಮಲಕವ್ವ ಮಾತ್ರ ಹೊಸ್ತಿಲ ಹೊರಗೇ ನಿಂತಿದ್ದಳು. ಸಾಕಿದ್ದು ಅವಳು, ಮೀನು ಬಂದದ್ದು ನನ್ನ ಮನೆಗೆ. ಹೋಗಿ ಕೈ ಹಿಡಿದು ಎಳೆದೆ, "ಬಾರವ್ವ ತಂಗಿ. ಚೆಲ್ಲಿದಾಕಿ ನಾನು, ಸಾಕಿದಾಕಿ ನೀನು. ಇಲ್ಲಿ ನಿನ್ನ ಬಿಟ್ಟು ಬಾಣಂತನ ಮಾಡವರು ಯಾರದಾರ?"

ಅವಳು ಬಂದು ಬಾನಿಯ ಹತ್ತಿರ ಕೂತಳು. ನೀರೊಳಗಿದ್ದವಳು ಮೇಲೆ ಬಂದು ಅವಳ ಬೆರಳನ್ನು ಬಾಯಿಂದ ಮುಟ್ಟಿದಳು. ಆಮೇಲೆ ಮಲಕವ್ವ ನನ್ನ ಕಡೆ ಒಂದು ಸಲ ಕಳ್ಳನೋಟ ಬೀರಿ, ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಕೊಬ್ಬರಿ ತೆಗೆದಳು.

ನಾನು ಆ ಕಡೆ ತಿರುಗಿ ಮಳೆ ನೋಡುತ್ತ ನಿಂತೆ.